ಆಸ್ಪತ್ರೆಯ ಸರದಿ ಸಾಲು: ರೋಗಿಗೂ ಸಿಬ್ಬಂದಿಗೂ ನೆಮ್ಮದಿ ಹೇಗೆ?

ರೋಗದ ನೋವಿನೊಡನೆ ಕಾಯುವ ನೋವೂ ಸೇರಿದಾಗ ಬಡವನ ಸಂಕಟ ಇಮ್ಮಡಿಯಾಗುತ್ತದೆ. ಬೀದರ ಜಿಲ್ಲೆಯಲ್ಲಿ ಈ ಕಾಯುವಿಕೆ ಹಳ್ಳಿಯ ಬಸ್ ನಿಲ್ದಾಣದಲ್ಲಿಯೇ ಆರಂಭವಾಗುತ್ತದೆ. ಭಾಲ್ಕಿ, ಔರಾದ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಗಡಿಯಂಚಿನ ಹಳ್ಳಿಗಳಿಗೆ ದಾರಿ ಇನ್ನೂ ದೀರ್ಘ. ಎರಡೂ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದರೂ ತಜ್ಞರ ಸಲಹೆಗಾಗಿ ಅನೇಕರು ಬೀದರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್‌ನತ್ತ ಬರುತ್ತಾರೆ. ರೋಗಿಯೊಬ್ಬರು ಬಂದರೆ ಜೊತೆಗೆ ಬಂದವರ ಅಂದಿನ ಕೂಲಿಯೂ ಹೋಯಿತೆಂದೇ ಅರ್ಥ.

ಸಾಲು ಬೆಳೆಯುವುದೇಕೆ?

ಲೆಕ್ಕ ಸರಳವಾಗಿದೆ. ವೈದ್ಯರು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಎಡೆಬಿಡದೆ ಕುಳಿತು, ಒಬ್ಬೊಬ್ಬರಿಗೆ 5 ನಿಮಿಷ ಕೊಟ್ಟರೂ ನೋಡಬಹುದಾದವರು 48 ಮಂದಿ ಮಾತ್ರ. 80 ಮಂದಿ 9 ಗಂಟೆಗೇ ಬಂದು ನಿಂತರೆ 32 ಮಂದಿ ಉಳಿಯುತ್ತಾರೆ. ಇಲ್ಲವೇ ಪ್ರತಿಯೊಬ್ಬರ ಪಾಲು 3 ನಿಮಿಷಕ್ಕೆ ಇಳಿಯುತ್ತದೆ. ಆಗ ಮಾತ್ರೆ ನುಂಗುವ ಕ್ರಮವನ್ನು ವಿವರಿಸಲು ವೈದ್ಯರಿಗೆ ವ್ಯವಧಾನವಿಲ್ಲ, ಕೇಳಲು ರೋಗಿಗೆ ಧೈರ್ಯವಿಲ್ಲ.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ 1952ರಲ್ಲಿಯೇ ಹೊರರೋಗಿ ವಿಭಾಗಗಳ ಸಾಲನ್ನು ಅಧ್ಯಯನ ಮಾಡಿದರು. ಎಲ್ಲರನ್ನೂ ಒಮ್ಮೆಲೇ ಕರೆಯದೆ, ಆರಂಭಕ್ಕೆ ಇಬ್ಬರನ್ನು, ಅನಂತರ ಒಬ್ಬರ ತಪಾಸಣೆಗೆ ಬೇಕಾಗುವಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಬೇಕೆಂಬುದು ಅವರ ಸಲಹೆಯಾಗಿತ್ತು. ವೈದ್ಯರೂ ರೋಗಿಗಳೂ ವೇಳೆ ಪಾಲಿಸಿದರೆ ಮಾತ್ರ ಅದು ಫಲಿಸುತ್ತದೆ. 1985ರಲ್ಲಿ ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು ಇನ್ನೊಂದು ಮಾತನ್ನು ಮನಗಾಣಿಸಿದರು: ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ, ಕಾರಣ ಹೇಳದ ಕಾಯುವಿಕೆ, ಅನ್ಯಾಯವೆನಿಸುವ ಕಾಯುವಿಕೆ – ಇವೇ ಹೆಚ್ಚು ದೀರ್ಘವೆನಿಸುತ್ತವೆ.

ಸಿಬ್ಬಂದಿಯ ಬವಣೆಗೂ ಮೂಲ ಇಲ್ಲಿಯೇ ಇದೆ. "ನನ್ನ ಸರದಿ ಯಾವಾಗ?" ಎಂಬ ಒಂದೇ ಪ್ರಶ್ನೆಗೆ ದಿನವಿಡೀ ಉತ್ತರಿಸುವ ದಾದಿಯ ದನಿ ಗಡುಸಾಗುತ್ತದೆ, ಆ ಗಡುಸು ಮಾತು ರೋಗಿಯ ಮನಸ್ಸನ್ನು ಮುರಿಯುತ್ತದೆ. ಹೀಗೆ ಬೇಸತ್ತು ಹೋದ ರಕ್ತದೊತ್ತಡದ ರೋಗಿ ಮರುತಿಂಗಳು ಬಾರದಿದ್ದರೆ ಪಾರ್ಶ್ವವಾಯು ಮನೆಬಾಗಿಲಿಗೆ ಬರಬಹುದು. ಕ್ಷಯರೋಗಕ್ಕೆ ಸಾಮಾನ್ಯವಾಗಿ 6 ತಿಂಗಳ ಔಷಧ ಬೇಕು. ನಡುವೆ ಬಿಟ್ಟರೆ ಅಪಾಯ ಇಡೀ ಮನೆಗೆ.

ಮಾಡಬಹುದಾದುದೇನು?

ಆಸ್ಪತ್ರೆಗಳು ಚೀಟಿಯ ಮೇಲೆ ಸರದಿ ಸಂಖ್ಯೆಯೊಡನೆ ಅಂದಾಜು ವೇಳೆಯನ್ನೂ ಬರೆಯಲಿ. ತುರ್ತು ರೋಗಿಯನ್ನು ಮೊದಲು ಒಳಗೆ ಬಿಟ್ಟಾಗ ಅದರ ಕಾರಣವನ್ನು ಉಳಿದವರಿಗೆ ಹೇಳಲಿ. ಫಲಕಗಳು ಕನ್ನಡದೊಡನೆ ಈ ಗಡಿನಾಡಿನ ಮರಾಠಿ, ಉರ್ದು, ತೆಲುಗು ಬಲ್ಲವರಿಗೂ ತಿಳಿಯುವಂತಿರಲಿ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ ನೆಲವಿದು. ತಿಳಿಯುವ ಭಾಷೆ ಮನುಷ್ಯನಿಗೆ ಎಂಥ ಆಸರೆಯೆಂಬುದನ್ನು ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಕುಟುಂಬದವರ ಹೊಣೆಯೂ ಇದೆ. ಹಳೆಯ ಚೀಟಿ, ತಪಾಸಣೆಯ ವರದಿ, ಸೇವಿಸುತ್ತಿರುವ ಮಾತ್ರೆ – ಎಲ್ಲವನ್ನೂ ಒಂದೇ ಚೀಲದಲ್ಲಿ ತರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ನಿಯಮಿತ ತಪಾಸಣೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಮೊದಲು ವಿಚಾರಿಸಬೇಕು. ಆದರೆ ಎದೆನೋವು, ಉಸಿರಾಟದ ತೊಂದರೆ, ಥಟ್ಟನೆ ಮುಖ ಸೊಟ್ಟಗಾಗುವುದು ಅಥವಾ ಕೈ ಸೋಲುವುದು ಕಂಡರೆ ಸಾಲಿನಲ್ಲಿ ನಿಲ್ಲಲೇಬಾರದು; 108ಕ್ಕೆ ಕರೆ ಮಾಡಿ ನೇರವಾಗಿ ತುರ್ತು ವಿಭಾಗಕ್ಕೆ ಒಯ್ಯಬೇಕು.

ಸಮಾಜದ ಸಂಘಟನೆಗಳು ಆಸ್ಪತ್ರೆಯ ಅನುಮತಿ ಪಡೆದು, ವಾರಕ್ಕೊಂದು ದಿನವಾದರೂ ಇಬ್ಬರು ಯುವಕ ಯುವತಿಯರನ್ನು ಅಲ್ಲಿ ನಿಲ್ಲಿಸಬಹುದು. ಯಾವ ಕೊಠಡಿ ಎಲ್ಲಿದೆಯೆಂದು ತೋರಿಸುವುದು, ಚೀಟಿ ಓದಿ ಹೇಳುವುದು, ವೃದ್ಧರಿಗೆ ನೀರು ಕೊಡುವುದು – ಇಷ್ಟೇ ಸಾಕು. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ಚಿಕಿತ್ಸೆಯೇ ಅವನ ಕಾಯಕವಾಗಿತ್ತು. ಮದ್ದು ಕೊಡುವುದು ವೈದ್ಯರ ಕಾಯಕವಾದರೆ, ಕಾಯುವವರಿಗೆ ಆಸರೆಯಾಗುವುದು ನಮ್ಮೆಲ್ಲರ ದಾಸೋಹವಾಗಲಿ.