ಹೆತ್ತವರ ನಂತರದ ಮನೆ

ಬೌದ್ಧಿಕ ವಿಕಲತೆ ಇರುವ ಮಗುವಿನ ಹೆತ್ತವರಿಗೆ ಮೊದಲ ಕೆಲವು ವರ್ಷಗಳ ಮಟ್ಟಿಗೆ ಮೈಸೂರು ಭರವಸೆಯ ಊರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಮಾತು ತಡವಾದ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಕರೆದುಕೊಂಡು ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ತಾಯಂದಿರು ಇಲ್ಲಿಗೆ ಬರುತ್ತಾರೆ. ವಿಶೇಷ ಶಾಲೆಗಳಿವೆ, ಥೆರಪಿ ಕೇಂದ್ರಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಆದರೆ ಇವೆಲ್ಲ ಹೆಚ್ಚಾಗಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದಂಥವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಡುವುದೂ ಆರರಿಂದ ಹದಿನೆಂಟನೇ ವಯಸ್ಸಿನವರೆಗೆ ಮಾತ್ರ. ಅಲ್ಲಿಂದಾಚೆಗಿನ ನಲವತ್ತು ವರ್ಷ ಆ ವ್ಯಕ್ತಿ ಎಲ್ಲಿರಬೇಕು, ಯಾರ ಜೊತೆ ಬಾಳಬೇಕು? ‘ನಾವು ಹೋದ ಮೇಲೆ ಇವನ ಗತಿ ಏನು?’ ಎಂದು ಹೆತ್ತವರು ಹಗಲಿರುಳು ಕೇಳಿಕೊಳ್ಳುವುದು ಈ ನಲವತ್ತು ವರ್ಷಗಳ ಬಗ್ಗೆ.

ಹಿಂದಿನ ತಲೆಮಾರುಗಳಿಗೆ ಈ ಪ್ರಶ್ನೆ ಇಷ್ಟು ದೊಡ್ಡದಾಗಿ ಎದುರಾಗುತ್ತಿರಲಿಲ್ಲ. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 1983ರ ಹೊತ್ತಿಗೆ ಅಮೆರಿಕದಲ್ಲೇ ಸುಮಾರು 25 ವರ್ಷವಿತ್ತು. ಇಂದು ಅದು 60ರ ಆಸುಪಾಸಿಗೆ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆ, ಸೋಂಕಿಗೆ ಔಷಧಿ, ಮನೆಯಲ್ಲೇ ಸಿಗುವ ಪ್ರೀತಿಯ ಆರೈಕೆ, ಎಲ್ಲವೂ ಸೇರಿ ಕೊಟ್ಟ ಆಯುಷ್ಯ ಅದು. ಹೀಗಾಗಿ ಮಗ ಅಥವಾ ಮಗಳು ತಂದೆತಾಯಿಗಿಂತ ಹೆಚ್ಚು ಕಾಲ ಬದುಕುವುದು ಈಗ ಸಹಜ ನಿರೀಕ್ಷೆ. ಮೈಸೂರು ನಿವೃತ್ತರ ಊರು ಬೇರೆ. ಎಪ್ಪತ್ತೈದು ದಾಟಿದ ದಂಪತಿ ನಲವತ್ತೈದರ ಮಗನಿಗೆ ಸ್ನಾನ ಮಾಡಿಸಿ ಊಟ ಬಡಿಸುವ ಮನೆಗಳು ಇಂಥ ಊರಿನಲ್ಲಿ ಅಪರೂಪವಲ್ಲ. ಇನ್ನೊಬ್ಬ ಮಗ ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾನೆ. 2011ರ ಜನಗಣತಿ ದೇಶದಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಬೌದ್ಧಿಕ ವಿಕಲತೆಯ ವಿಭಾಗದಲ್ಲಿ ಲೆಕ್ಕ ಹಾಕಿತ್ತು. ಅವರಲ್ಲಿ ಬಹುಪಾಲು ಜನರಿಗೆ ಹೆತ್ತವರ ಮನೆಯೇ ಏಕೈಕ ವ್ಯವಸ್ಥೆ. ಆ ವ್ಯವಸ್ಥೆ ದಣಿದಲ್ಲಿ ವಸತಿ ಆರೈಕೆಯ ವ್ಯವಹಾರ ಹುಟ್ಟುತ್ತದೆ. ಹಾಗೆ ಹುಟ್ಟುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು, ಇದನ್ನು ಬೇರೆ ಯಾವುದೇ ಸೇವೆಯ ವ್ಯವಹಾರದಂತೆ ನಾವು ನೋಡುತ್ತಿರುವುದರಲ್ಲಿ.

ಹೋಟೆಲಿನ ಊಟ ಕೆಟ್ಟರೆ ಉಂಡವನೇ ಹಣ ಕೊಡುವವನಾದ್ದರಿಂದ ಮರುದಿನ ಬೇರೆ ಹೋಟೆಲಿಗೆ ಹೋಗುತ್ತಾನೆ. ವಸತಿ ಕೇಂದ್ರದಲ್ಲಿ ಹಣ ಕೊಡುವವರು ಒಬ್ಬರು, ಬದುಕುವವರು ಇನ್ನೊಬ್ಬರು. ಅಲ್ಲಿ ಬದುಕುವವರಿಗೆ ತಮಗೇನಾಯಿತೆಂದು ಹೇಳಲು ಎಷ್ಟೋ ಸಲ ಮಾತು ಸಾಲದು. ಹೇಳಿದರೂ ಕೇಳುವವರು ನಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೇವೆಯ ಅಗತ್ಯ ತೀವ್ರವಾಗುವುದು ಹಣ ಕೊಟ್ಟವರು ತೀರಿಕೊಂಡ ಮೇಲೆ. ಕೆಲವು ಕೇಂದ್ರಗಳು ತಿಂಗಳ ಶುಲ್ಕ ಪಡೆಯುತ್ತವೆ, ಕೆಲವು ಆಜೀವ ಆರೈಕೆಗೆಂದು ಇಡುಗಂಟು ಪಡೆಯುತ್ತವೆ. ಇಡುಗಂಟು ಕೊಟ್ಟವರಿಗೆ ಮನಸ್ಸು ನಿರಾಳವಾಗುತ್ತದೆ ನಿಜ, ಆದರೆ ಅವರು ಕಣ್ಮುಚ್ಚಿದ ದಿನದಿಂದ ಆ ಕರಾರಿನ ಒಂದು ಪಕ್ಷ ಖಾಲಿ. ಹಣ ಆಗಲೇ ಕೈ ಸೇರಿದೆ, ಕೇಳುವವರಿಲ್ಲ, ಇರುವವನು ದೂರು ಕೊಡಲಾರ. ಗ್ರಾಹಕನ ಆಯ್ಕೆಯೇ ಗುಣಮಟ್ಟ ಕಾಯುತ್ತದೆ ಎಂಬ ಮಾರುಕಟ್ಟೆಯ ನಂಬಿಕೆ ಇಲ್ಲಿ ಬುಡದಲ್ಲೇ ಕುಸಿಯುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ಕೇಂದ್ರ ನಡೆಸುವವರು ಖಾಸಗಿಯವರೋ, ಸರ್ಕಾರವೋ, ಸಾಧುಸಂತರೋ ಎಂಬುದಕ್ಕಿಂತ, ಅದರೊಳಗೆ ಯಾವಾಗ ಬೇಕಾದರೂ ಹೋಗಿ ನೋಡುವ, ಅದರಿಂದ ಒಂದು ಕಾಸಿನ ಲಾಭವೂ ಇಲ್ಲದ ಹೊರಗಿನವರು ಇದ್ದಾರೆಯೇ ಎಂಬುದೇ ನಿರ್ಣಾಯಕ.

ಹಣದ ಲೆಕ್ಕ ನೋಡದೆ ಈ ಮಾತು ಮುಂದುವರಿಯದು. ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ ವಾರಕ್ಕೆ 48 ಗಂಟೆ ದುಡಿದರೆ, ಸದಾ ಒಬ್ಬರು ಎಚ್ಚರವಿರಬೇಕೆಂದರೂ ಮೂರೂವರೆ ಜನ ಬೇಕು. ರಜೆ, ಕಾಯಿಲೆ ಸೇರಿದರೆ ನಾಲ್ವರು. ಹನ್ನೆರಡು ಮಂದಿ ವಾಸಿಸುವ ಮನೆಯೊಂದನ್ನು ಊಹಿಸಿಕೊಳ್ಳಿ. ಹದಿನಾರು ಗಂಟೆ ಇಬ್ಬರು, ರಾತ್ರಿಯ ಎಂಟು ಗಂಟೆ ಒಬ್ಬರು ಕೆಲಸದಲ್ಲಿದ್ದರೆ ವಾರಕ್ಕೆ 280 ಗಂಟೆಯ ದುಡಿಮೆ. ಅಂದರೆ ಆರೇಳು ಕೇರ್‌ಟೇಕರ್‌ಗಳು, ಜೊತೆಗೆ ಅಡುಗೆಯವರು, ಮೇಲ್ವಿಚಾರಕರು, ಒಟ್ಟು ಒಂಬತ್ತು ಜನ. ತಲೆಗೆ ಹದಿನೈದು ಸಾವಿರ ಸಂಬಳ ಎಂದಿಟ್ಟುಕೊಂಡರೂ ತಿಂಗಳಿಗೆ 1,35,000 ರೂಪಾಯಿ. ಹನ್ನೆರಡು ಮಂದಿಗೆ ಹಂಚಿದರೆ ಒಬ್ಬರ ಪಾಲಿಗೆ ಸಂಬಳದ ಖರ್ಚೇ 11,250. ಮನೆ ಬಾಡಿಗೆ, ದಿನಸಿ, ಅಪಸ್ಮಾರದ ಮಾತ್ರೆ, ಡೈಪರು, ಆಸ್ಪತ್ರೆಗೆ ಹೋಗಿಬರುವ ಆಟೊ ಇವೆಲ್ಲ ಇನ್ನೂ ಬಾಕಿ. ಐದಾರು ಸಾವಿರಕ್ಕೆ ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎನ್ನುವ ಕೇಂದ್ರಕ್ಕೆ ದೊಡ್ಡ ದಾನಿಗಳೋ ಸರ್ಕಾರದ ಅನುದಾನವೋ ಇರಬೇಕು. ಇಲ್ಲದಿದ್ದರೆ ಸಿಬ್ಬಂದಿ ಕಡಿಮೆ ಇರಬೇಕು. ಸಿಬ್ಬಂದಿ ಕಡಿಮೆಯಾದಾಗ ಕೆಡುಕಾಗಲು ದುಷ್ಟರ ಅಗತ್ಯವೇ ಇಲ್ಲ. ಮೂವತ್ತು ಜನರನ್ನು ಒಬ್ಬಳೇ ಆಯಾ ನೋಡಿಕೊಳ್ಳಬೇಕಾದರೆ ಬಾಗಿಲಿಗೆ ಬೀಗ ಬೀಳುತ್ತದೆ, ಸ್ನಾನ ಸಾಲಿನಲ್ಲಿ ನಡೆಯುತ್ತದೆ, ಗಲಾಟೆ ಮಾಡುವವನಿಗೆ ನಿದ್ದೆ ಬರುವ ಮಾತ್ರೆ ಹೆಚ್ಚಾಗುತ್ತದೆ. ಹಾಗಾಗಿ ಕೇಂದ್ರ ನೋಡಲು ಹೋದವರು ಕಟ್ಟಡದ ಗ್ರಾನೈಟ್ ನೆಲಕ್ಕಿಂತ ಮೊದಲು ಕೇಳಬೇಕಾದ್ದು, ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಎಷ್ಟು ಮಂದಿ ಎಂಬುದನ್ನು.

ಹಾಗಾದರೆ ಹೆಚ್ಚು ಹಣ ಕೊಟ್ಟರೆ ಸರಿಹೋಗುತ್ತದೆಯೇ? ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಗಳ ಖಾಸಗಿ ಆಸ್ಪತ್ರೆಯಿತ್ತು. ಬೌದ್ಧಿಕ ವಿಕಲತೆ ಇರುವವರನ್ನು ಅಲ್ಲಿ ಇರಿಸಲು ತಲೆಗೆ ವಾರಕ್ಕೆ ಸರಾಸರಿ 3,500 ಪೌಂಡ್ ಸಾರ್ವಜನಿಕ ಹಣ ಸಂದಾಯವಾಗುತ್ತಿತ್ತು. 2011ರಲ್ಲಿ ಬಿಬಿಸಿಯ ವರದಿಗಾರನೊಬ್ಬ ನೌಕರನಾಗಿ ಒಳಸೇರಿ ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದಾಗ ಕಂಡದ್ದು ಒದೆತ, ತಣ್ಣೀರಿನ ಹಿಂಸೆ, ಅವಮಾನ. ಮರುವರ್ಷ ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಅದಕ್ಕೂ ಮುಂಚೆ ದೂರು ಬರೆದಿದ್ದರು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಸರ್ಕಾರವೇ ನಡೆಸಿದರೆ? ನ್ಯೂಯಾರ್ಕಿನಲ್ಲಿ ಬೌದ್ಧಿಕ ವಿಕಲತೆ ಇರುವವರಿಗಾಗಿದ್ದ ವಿಲೋಬ್ರೂಕ್ ಸರ್ಕಾರಿ ವಸತಿ ಶಾಲೆ ನಾಲ್ಕು ಸಾವಿರ ಮಂದಿಗಾಗಿ ಕಟ್ಟಿದ್ದು, ಒಂದು ಹಂತದಲ್ಲಿ ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿದ್ದರು. 1972ರಲ್ಲಿ ಟಿವಿಯಲ್ಲಿ ಅಲ್ಲಿನ ದೃಶ್ಯ ಕಂಡು ದೇಶ ಬೆಚ್ಚಿತು. 1987ರಲ್ಲಿ ಅದು ಮುಚ್ಚಿತು. ನಮ್ಮಲ್ಲೇ, ದೆಹಲಿ ಸರ್ಕಾರದ ಆಶಾ ಕಿರಣ ವಸತಿ ಕೇಂದ್ರದಲ್ಲಿ ಸಾಮರ್ಥ್ಯ ಮೀರಿ ಜನ ತುಂಬಿದ್ದ 2024ರ ಜುಲೈಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಬೌದ್ಧಿಕ ವಿಕಲತೆಯ ಯುವತಿಯೊಬ್ಬಳ ಮೇಲೆ ಅತ್ಯಾಚಾರವಾಗಿ, ಆಕೆಯ ಗರ್ಭದ ವಿಚಾರ 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಸೇವಾಭಾವದಿಂದ ಹುಟ್ಟಿದ ಮನೆಗಳ ಮಾತು ಬೇರೆ ಎನ್ನಬಹುದು. ಒಂದು ಮಟ್ಟಿಗೆ ಅದು ನಿಜ. ಫ್ರಾನ್ಸಿನಲ್ಲಿ 1964ರಲ್ಲಿ ಜಾನ್ ವಾನಿಯೆ ಆರಂಭಿಸಿದ ‘ಲಾರ್ಶ್’ ಸಮುದಾಯ, ವಿಕಲತೆ ಇರುವವರು ಮತ್ತು ಇಲ್ಲದವರು ಒಂದೇ ಮನೆಯಲ್ಲಿ ಒಟ್ಟಿಗೆ ಉಂಡು ದುಡಿದು ಬಾಳುವ ದಾರಿ ತೋರಿಸಿತು. ಭಾರತದಲ್ಲಿ ಅದರ ಮೊದಲ ಮನೆ ಆಶಾ ನಿಕೇತನ 1970ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ವಾನಿಯೆಯನ್ನು ಜಗತ್ತು ಸಂತನಂತೆ ಕಂಡಿತು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಆರು ಮಂದಿ ಮಹಿಳೆಯರನ್ನು ಲೈಂಗಿಕವಾಗಿ ದುರ್ಬಳಕೆ ಮಾಡಿಕೊಂಡಿದ್ದರೆಂದು ಆ ಸಂಸ್ಥೆ ತಾನೇ ಮಾಡಿಸಿದ ತನಿಖೆ ಹೇಳಿತು. ಆ ಮಹಿಳೆಯರು ವಿಕಲತೆ ಇರುವವರಾಗಿರಲಿಲ್ಲ, ಆ ಮನೆಗಳ ಬಾಳ್ವೆಯ ಮೌಲ್ಯವೂ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಸ್ಥಾಪಕರ ಪುಣ್ಯವನ್ನೇ ಭದ್ರತೆ ಎಂದು ನಂಬಬಾರದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ತನ್ನ ಸ್ಥಾಪಕನ ಬಗ್ಗೆಯೇ ಹೊರಗಿನವರಿಂದ ತನಿಖೆ ಮಾಡಿಸಿ ಫಲಿತಾಂಶ ಪ್ರಕಟಿಸುವ ಧೈರ್ಯ ಎಷ್ಟು ಸಂಸ್ಥೆಗಳಿಗಿದೆ ಎಂಬುದೂ ಯೋಚಿಸಬೇಕಾದ್ದೇ. ಮೈಸೂರು ಈ ಚರ್ಚೆಯ ಹೊರಗಿಲ್ಲ. ಮಾನಸಿಕ ಅಥವಾ ಬೌದ್ಧಿಕ ವಿಕಲತೆಯ ಮಹಿಳೆಯರನ್ನು ಇರಿಸುವ ಸಂಸ್ಥೆಗಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2014ರ ಡಿಸೆಂಬರಿನಲ್ಲಿ ಹೊರತಂದ ವರದಿಗಾಗಿ ಅಧ್ಯಯನ ನಡೆದ ಆರು ನಗರಗಳಲ್ಲಿ ಬೆಂಗಳೂರಿನ ಜೊತೆ ಮೈಸೂರೂ ಇತ್ತು. ಆಸ್ಪತ್ರೆ, ಪುನರ್ವಸತಿ ಕೇಂದ್ರ, ವಸತಿ ಗೃಹಗಳೆಂದು ಒಟ್ಟು 24 ಸಂಸ್ಥೆಗಳನ್ನು ನೋಡಿ ಅದು ಹೇಳಿದ ಮುಖ್ಯ ಮಾತುಗಳಲ್ಲಿ ಒಂದು, ಮೇಲ್ವಿಚಾರಣೆಯ ಕೊರತೆ.

ಕಾನೂನು ನಮ್ಮಲ್ಲಿ ಇಲ್ಲದಿಲ್ಲ. ಬೌದ್ಧಿಕ ವಿಕಲತೆ ಮಾನಸಿಕ ಕಾಯಿಲೆಯಲ್ಲ; 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯೇ ಇದನ್ನು ಹೊರಗಿಟ್ಟಿದೆ. ಇವರಿಗೆ ಅನ್ವಯಿಸುವುದು 2016ರ ಹಕ್ಕುಗಳ ಕಾಯ್ದೆ. ಅದರಂತೆ ನೋಂದಣಿ ಪತ್ರವಿಲ್ಲದೆ ಸರ್ಕಾರವನ್ನು ಬಿಟ್ಟು ಬೇರೆ ಯಾರೂ ಇಂಥ ಸಂಸ್ಥೆ ನಡೆಸುವಂತಿಲ್ಲ. ಇದರ ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಿದೆ, ಅದು ಹೆತ್ತವರು ಅಗತ್ಯವಾಗಿ ತಿಳಿದಿರಬೇಕಾದ್ದು. ಮಗನಿಗೆ ಹದಿನೆಂಟು ತುಂಬಿದ ದಿನ ತಂದೆತಾಯಿ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನರೊಬ್ಬರು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಈ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪಾಲಕರಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಪಾಲಕರು ಹಿಂಸಿಸಿದರೆ, ನಿರ್ಲಕ್ಷಿಸಿದರೆ, ಆಸ್ತಿ ನುಂಗಿದರೆ ಅವರನ್ನು ತೆಗೆಯುವ ಅಧಿಕಾರವೂ ಸಮಿತಿಗಿದೆ. ಈ ಕಾಯ್ದೆಯಡಿ ಈಗಿರುವ ಪಾಲಕರ ಒಪ್ಪಿಗೆಯೊಂದಿಗೆ ನೋಂದಾಯಿತ ಸಂಸ್ಥೆಯೂ ಪಾಲಕರ ನೇಮಕಕ್ಕೆ ಅರ್ಜಿ ಹಾಕಬಹುದು. ನನ್ನ ಆತಂಕವಿರುವುದು ಇಲ್ಲೇ. ವಸತಿ ಕೊಡುವವರೇ ಪಾಲಕರೂ ಆದರೆ, ಶುಲ್ಕ ಪಡೆಯುವ ಕೈ ಮತ್ತು ಶುಲ್ಕ ಕೊಡುವ ಕೈ ಒಂದೇ ಆಗುತ್ತದೆ. ಸರ್ಕಾರಿ ನೌಕರರ ವಿಕಲಚೇತನ ಮಕ್ಕಳಿಗೆ ಆಜೀವ ಕುಟುಂಬ ಪಿಂಚಣಿ ಬರುವ ಅವಕಾಶವಿದೆ. ನಿವೃತ್ತರು ತುಂಬಿದ ಮೈಸೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಆ ಪಿಂಚಣಿಯ ಪಾಸ್‌ಬುಕ್ ಮತ್ತು ಆ ಮನೆಯ ಬೀಗದ ಕೈ ಒಂದೇ ಜೇಬಿನಲ್ಲಿರಬಾರದು.

ಇದಕ್ಕೆಲ್ಲ ಮೊದಲ ಆಕ್ಷೇಪಣೆ ನಮ್ಮ ಮನೆಗಳ ಒಳಗಿನಿಂದಲೇ ಬರುತ್ತದೆ: ಹೆತ್ತ ಮಗನನ್ನು ಕೇಂದ್ರಕ್ಕೆ ಸೇರಿಸುವುದೇ ಪಾಪ, ಒಡಹುಟ್ಟಿದವರು ನೋಡಿಕೊಳ್ಳಲಿ. ಪ್ರೀತಿಯಿಂದ ನೋಡಿಕೊಳ್ಳುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆ, ಅವರಿಗೆ ನೆರವು ಸಿಗಬೇಕು. ಆದರೆ ‘ಕುಟುಂಬ ನೋಡಿಕೊಳ್ಳಲಿ’ ಎನ್ನುವಾಗ ನಿಜಕ್ಕೂ ನೋಡಿಕೊಳ್ಳುವವಳು ಬಹುಪಾಲು ಒಬ್ಬ ಹೆಂಗಸು, ಹಲವು ಸಲ ಆ ನಿರ್ಧಾರದಲ್ಲಿ ಮಾತೇ ಇಲ್ಲದ ಅತ್ತಿಗೆ ಅಥವಾ ನಾದಿನಿ. ಒಪ್ಪಿಗೆಯಿಲ್ಲದ ಆರೈಕೆ ಇಬ್ಬರಿಗೂ ಸೆರೆ. ನಿಜ, 2016ರ ಕಾಯ್ದೆ ಮಗುವನ್ನು ವಿಕಲತೆಯ ಕಾರಣಕ್ಕೆ ತಂದೆತಾಯಿಯಿಂದ ಬೇರ್ಪಡಿಸಬಾರದು ಎನ್ನುತ್ತದೆ, ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಐದು ವರ್ಷದ ಮಗುವಿಗೆ ಹಾಸ್ಟೆಲು ಬೇಡ. ಮೂವತ್ತು ವರ್ಷದವರ ಮಾತು ಬೇರೆ. ಬೇರೆ ಮಕ್ಕಳು ಮನೆ ಬಿಟ್ಟು ತಮ್ಮ ಬದುಕು ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಇವರಿಗೂ ತಮ್ಮದೇ ಗೆಳೆಯರು, ತಮ್ಮದೇ ಕೋಣೆ, ತಮ್ಮದೇ ದಿನಚರಿ ಇರುವ ಮನೆ ಸಿಗುವುದು ಪರಿತ್ಯಾಗವಲ್ಲ.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ತಪಾಸಣೆ, ಪರವಾನಗಿ, ನಿಯಮ ಎಂದು ಹೊರಟರೆ ಪುಟ್ಟ ಸೇವಾ ಕೇಂದ್ರಗಳು ಮುಚ್ಚುತ್ತವೆ, ಹಣವಂತರ ಕೇಂದ್ರಗಳು ಮಾತ್ರ ಉಳಿಯುತ್ತವೆ ಎಂಬುದು. ಫೈಲಿನ ತಪಾಸಣೆಯಾದರೆ ಹಾಗೆಯೇ ಆಗುತ್ತದೆ. ನಾನು ಕೇಳುತ್ತಿರುವುದು ಮನುಷ್ಯರ ಭೇಟಿಯನ್ನು. ನಿವೃತ್ತ ಶಿಕ್ಷಕರು, ವಿಶೇಷ ಶಿಕ್ಷಣದ ವಿದ್ಯಾರ್ಥಿಗಳು, ವಕೀಲರು, ಬೇರೆ ಮಕ್ಕಳ ಹೆತ್ತವರು ಹೇಳದೆ ಕೇಳದೆ ಹೋಗಿ ಒಂದು ಗಂಟೆ ಕೂತು ಬರಲು ಕೇಂದ್ರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಂಥವರು ಮೈಸೂರಿನಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಲ್ಲಿ ಸಿಗುತ್ತಾರೆ? ಊರ ಹೊರಗಿನ ಅಗ್ಗದ ಜಮೀನು, ತೋಟ, ಹಸುಗಳಿರುವ ವಿಶಾಲ ಆವರಣವೇ ಇವರಿಗೆ ಹಿತ ಎನ್ನುವವರೂ ಇದ್ದಾರೆ. ಕಾರ್ಲ್ ಕ್ಯೋನಿಗ್ 1940ರಲ್ಲಿ ಸ್ಕಾಟ್ಲೆಂಡಿನಲ್ಲಿ ಆರಂಭಿಸಿದ ಕ್ಯಾಂಪ್‌ಹಿಲ್ ಸಮುದಾಯಗಳು ಅಂಥ ಕೃಷಿಬದುಕನ್ನು ಚೆನ್ನಾಗಿ ನಡೆಸಿ ತೋರಿಸಿವೆ. ಆದರೆ ಅಲ್ಲಿ ಹೊರಗಿನ ಸ್ವಯಂಸೇವಕರು ಒಟ್ಟಿಗೆ ವಾಸಿಸುತ್ತಾರೆ. ಬಸ್ಸು ಹೋಗದ, ನೆರೆಮನೆಯಿಲ್ಲದ ಕಡೆ ಎತ್ತರದ ಗೋಡೆ ಕಟ್ಟಿದರೆ ಗಾಳಿ ಬೆಳಕು ಎಷ್ಟಿದ್ದರೂ ನೋಡುವ ಕಣ್ಣು ಇರುವುದಿಲ್ಲ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ನಾಲ್ಕೈದು ಮಂದಿ ವಾಸಿಸುವ ಬಾಡಿಗೆ ಮನೆಯಾದರೆ ಹಾಲಿನವನು, ಅಂಗಡಿಯವನು, ಎದುರುಮನೆಯವರು ದಿನಾ ನೋಡುತ್ತಾರೆ. ತಲಾ ಖರ್ಚು ಹೆಚ್ಚಾಗುತ್ತದೆ, ಒಪ್ಪುತ್ತೇನೆ. ಆ ವ್ಯತ್ಯಾಸವನ್ನು ಸರ್ಕಾರದ ಅನುದಾನ ತುಂಬಬೇಕು. ಸಮುದಾಯದ ನಡುವೆ ಬಾಳುವುದನ್ನು 2016ರ ಕಾಯ್ದೆಯ ಐದನೇ ಸೆಕ್ಷನ್ ಹಕ್ಕು ಎಂದು ಕರೆದಿದೆ.

ಹೆತ್ತವರಲ್ಲಿ ಒಂದು ವಿನಂತಿ: ತಾವು ಗಟ್ಟಿಯಾಗಿರುವಾಗಲೇ ಮುಂದಿನ ಮನೆ ಹುಡುಕುವ ಕೆಲಸ ಶುರುಮಾಡಿ. ಅವಲಂಬಿತ ವಿಕಲಚೇತನರಿಗಾಗಿ ಆದಾಯ ತೆರಿಗೆ ವಿನಾಯಿತಿ ಪಡೆಯುವ ವಿಮಾ ಯೋಜನೆಗಳಲ್ಲಿ ಹಿಂದೆ ಹೆತ್ತವರು ಸತ್ತ ಮೇಲೆ ಮಾತ್ರ ಮಗುವಿಗೆ ಹಣ ಬರಬಹುದಿತ್ತು. ಅರವತ್ತು ದಾಟಿದ ಹೆತ್ತವರು ಬದುಕಿರುವಾಗಲೇ ಬರುವಂತೆ 2022ರಲ್ಲಿ ತಿದ್ದುಪಡಿಯಾಯಿತು. ವಸತಿಯ ವಿಷಯದಲ್ಲೂ ಹಾಗೆಯೇ ಆಗಲಿ. ಮೊದಲು ವಾರಾಂತ್ಯ, ಆಮೇಲೆ ತಿಂಗಳು, ಆಮೇಲೆ ವರ್ಷ. ಆ ನಡುವೆ ಯಾವ ಹೊತ್ತಿನಲ್ಲಾದರೂ ಹೋಗಿ ನೋಡಿ, ಬೇಡವೆನಿಸಿದರೆ ವಾಪಸು ಕರೆತನ್ನಿ. ಇಡುಗಂಟನ್ನು ಒಮ್ಮೆಲೇ ಕೊಡಬೇಡಿ. ಪಾಲಕತ್ವವನ್ನು ಕೇಂದ್ರಕ್ಕೆ ಬರೆದುಕೊಡಬೇಡಿ. ಹೊರಗಿನ ಇಬ್ಬರು ನಂಬಿಕಸ್ತರ ಹೆಸರನ್ನು ಸ್ಥಳೀಯ ಮಟ್ಟದ ಸಮಿತಿಯ ಮುಂದಿಡಿ. ಜಿಲ್ಲಾಡಳಿತ ಮಾಡಬೇಕಾದ್ದು ಇದಕ್ಕಿಂತ ಸರಳ: ಜಿಲ್ಲೆಯಲ್ಲಿ ನೋಂದಣಿಯಾದ ಪ್ರತಿಯೊಂದು ವಸತಿ ಕೇಂದ್ರದ ಹೆಸರು, ಅಲ್ಲಿ ವಾಸಿಸುವವರ ಸಂಖ್ಯೆ, ರಾತ್ರಿ ಪಾಳಿಯ ಸಿಬ್ಬಂದಿಯ ಸಂಖ್ಯೆ, ಕೊನೆಯ ಭೇಟಿಯ ದಿನಾಂಕ, ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಡಿಸಿ ಕಚೇರಿಯ ಫಲಕದಲ್ಲಿ ಹಾಕಲಿ, ಮೂರು ತಿಂಗಳಿಗೊಮ್ಮೆ ಬದಲಿಸಲಿ.