ಬಂಗಾರಪೇಟೆಯ ತಿಳಿನೀರು, ಮೂಗಿನೊಳಗಿನ ಗ್ರಾಹಿಗಳು

ಬಂಗಾರಪೇಟೆ ಪಾನಿಪುರಿಯ ಹೆಸರು ನಿಂತಿರುವುದು ಅದರ ನೀರಿನ ಮೇಲೆ. ಬೇರೆ ಊರುಗಳಲ್ಲಿ ಪಾನಿ ಎಂದರೆ ಪುದೀನ, ಕೊತ್ತಂಬರಿ ಅರೆದ ಹಸಿರು ನೀರು, ಇಲ್ಲವೇ ಹುಣಸೆಹಣ್ಣಿನ ಕಂದು ನೀರು. ಬಂಗಾರಪೇಟೆಯದು ಕುಡಿಯುವ ನೀರಿನಷ್ಟೇ ತಿಳಿ. ಲೋಟಕ್ಕೆ ಹಾಕಿದರೆ ತಳ ಕಾಣುತ್ತದೆ, ಬಾಯಿಗೆ ಬಿದ್ದರೆ ಖಾರ, ಹುಳಿ, ಉಪ್ಪು, ಮಸಾಲೆಯ ಘಮ ಒಟ್ಟಿಗೇ ಏಳುತ್ತವೆ. ಕೆಜಿಎಫ್ ಕಡೆಯ ಮಾರಿಕುಪ್ಪಂಗೆ ರೈಲುಹಳಿ ಕವಲೊಡೆಯುವ ಈ ಜಂಕ್ಷನ್ ಊರಿನ ತಿನಿಸು ಈಗ ಬೆಂಗಳೂರಿನ ಬಡಾವಣೆಗಳಲ್ಲೂ ಊರಿನ ಹೆಸರು ಹೊತ್ತ ಬೋರ್ಡುಗಳ ಕೆಳಗೆ ಸಿಗುತ್ತದೆ.

ಬಣ್ಣವಿಲ್ಲದ ನೀರಿಗೆ ಇಷ್ಟು ಘಮ ಹೇಗೆ? ಬಣ್ಣದ ಅಣುವೇ ಬೇರೆ, ಘಮದ ಅಣುವೇ ಬೇರೆ. ಸೊಪ್ಪಿನ ಹಸಿರು ಪತ್ರಹರಿತ್ತಿನದು. ಅದು ದೊಡ್ಡ ಅಣು, ನೀರಿನಲ್ಲಿ ಕರಗದು, ಆವಿಯಾಗಿ ಮೇಲೇಳದು. ಘಮದ ಅಣುಗಳು ಹಗುರ, ಹೆಚ್ಚಿನವು 300 ಡಾಲ್ಟನ್‌ಗಿಂತ ಕಡಿಮೆ ತೂಕದವು. ಅವು ನೀರಿನಲ್ಲಿ ಕರಗುವುದು ಅತ್ಯಲ್ಪವೇ ಆದರೂ ಮೂಗಿಗೆ ಅಷ್ಟು ಸಾಕು.

ಪುರಿ ಬಾಯಲ್ಲಿ ಒಡೆದಾಗ ಈ ಆವಿ ಗಂಟಲ ಹಿಂಬದಿಯಿಂದ ಮೇಲೇರಿ ಮೂಗಿನ ಮಾಳಿಗೆಗೆ ತಲುಪುತ್ತದೆ. ತಿನ್ನುವವರು ರುಚಿ ಎಂದು ಮೆಚ್ಚುವುದರ ದೊಡ್ಡ ಪಾಲು ಈ ಹಿಂಬಾಗಿಲಿನಿಂದ ಬಂದದ್ದು. ನೆಗಡಿಯಾದವರಿಗೆ ಅದೇ ಪಾನಿ ಬರೀ ಉಪ್ಪು, ಹುಳಿ, ಉರಿ. ಮೆಣಸಿನಕಾಯಿಯ ಉರಿಯಂತೂ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಿಸಿಯನ್ನು, ನೋವನ್ನು ಅರಿಯುವ ನರಗಳನ್ನು ಕ್ಯಾಪ್ಸೈಸಿನ್ ಕೆರಳಿಸಿದ್ದರ ಫಲ ಅದು. ಹಾಗಾಗಿಯೇ ನೆಗಡಿಯಲ್ಲೂ ಖಾರ ಉಳಿಯುತ್ತದೆ.

ಮೂಗಿನ ಮೇಲ್ಭಾಗದಲ್ಲಿ ಕೆಲವೇ ಚದರ ಸೆಂಟಿಮೀಟರ್ ಅಗಲದ ಒಂದು ಪೊರೆಯಿದೆ. ಅದರಲ್ಲಿ ದಶಲಕ್ಷಗಟ್ಟಲೆ ನರಕೋಶಗಳು. ಪ್ರತಿ ಕೋಶದ ತುದಿಯಿಂದ ಸಣ್ಣ ರೋಮಗಳು ಲೋಳೆಯೊಳಗೆ ಚಾಚಿರುತ್ತವೆ, ಆ ರೋಮಗಳ ಪೊರೆಯಲ್ಲಿ ಗ್ರಾಹಿ ಎಂಬ ಪ್ರೋಟೀನುಗಳು ಹುದುಗಿರುತ್ತವೆ. ಗ್ರಾಹಿಯ ಎಳೆ ಪೊರೆಯನ್ನು ಏಳು ಬಾರಿ ಹಾದು ಹೋಗುತ್ತದೆ, ನಡುವೆ ಒಂದು ಕುಳಿ ಉಳಿಯುತ್ತದೆ. ಘಮದ ಅಣು ಲೋಳೆಯಲ್ಲಿ ಕರಗಿ ಈ ಕುಳಿಗೆ ಬಂದು ಕೂತರೆ ಗ್ರಾಹಿಯ ಆಕಾರ ತುಸು ಬದಲಾಗುತ್ತದೆ. ಆ ಬದಲಾವಣೆ ಕೋಶದ ಒಳಗಿನ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಒಂದು ಕಿಣ್ವವನ್ನು, ಕಿಣ್ವವು ಸೈಕ್ಲಿಕ್ ಎಎಂಪಿ ಎಂಬ ದೂತ ಅಣುಗಳನ್ನು. ದೂತರು ಹೆಚ್ಚಿದಂತೆ ಪೊರೆಯ ಕಾಲುವೆಗಳು ತೆರೆದು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ, ನರದಲ್ಲಿ ವಿದ್ಯುತ್ ಮಿಡಿತ ಏಳುತ್ತದೆ. ಇಷ್ಟೆಲ್ಲ ಆಗುವುದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ. ಒಳಬಂದ ಕ್ಯಾಲ್ಸಿಯಂ ಅದೇ ಕಾಲುವೆಗಳನ್ನು ಮಂದವಾಗಿಸುವುದರಿಂದ, ಸಂಜೆಯಿಡೀ ಗಾಡಿಯ ಹಿಂದೆ ನಿಂತವರಿಗೆ ತಮ್ಮ ಪಾನಿಯ ಘಮ ಕ್ರಮೇಣ ತಟ್ಟದಾಗುತ್ತದೆ.

ಗ್ರಾಹಿಗಳ ಈ ವಂಶವಾಹಿ ಬಳಗವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಿಗಳ ಬಗೆ ಸುಮಾರು 400. ಒಂದು ಗ್ರಾಹಿ ಒಂದೇ ವಾಸನೆಯನ್ನು ಕಾಯುತ್ತಿದ್ದರೆ ನಮಗೆ ತಿಳಿಯುವ ವಾಸನೆಗಳೂ ನಾನೂರಕ್ಕೇ ನಿಲ್ಲಬೇಕಿತ್ತು. ನಡೆಯುವುದು ಹಾಗಲ್ಲ. ಒಂದು ಅಣು ಹಲವು ಗ್ರಾಹಿಗಳನ್ನು ತಟ್ಟುತ್ತದೆ, ಒಂದು ಗ್ರಾಹಿ ಹಲವು ಅಣುಗಳಿಗೆ ಓಗೊಡುತ್ತದೆ. ಹಾರ್ಮೋನಿಯಂನ ಕೆಲವೇ ಮನೆಗಳಿಂದ ಅಷ್ಟೊಂದು ರಾಗ ಹೊರಡುವಂತೆ, ಯಾವ ಯಾವ ಗ್ರಾಹಿ ಎಷ್ಟೆಷ್ಟು ಮಿಡಿಯಿತು ಎಂಬ ಕೂಟವನ್ನು ಮಿದುಳು ಒಂದು ಘಮವಾಗಿ ಅರಿಯುತ್ತದೆ.

ಈ ಗ್ರಾಹಿಗಳ ಸೂಕ್ಷ್ಮ ಎಂಥದು ಎಂಬುದಕ್ಕೆ ಕಾರ್ವೋನ್ ಎಂಬ ಅಣು ಸಾಕ್ಷಿ. ಎಡಗೈ, ಬಲಗೈಗಳಂತೆ ಅದಕ್ಕೆ ಎರಡು ರೂಪ. ಒಂದು ಪುದೀನದ ಘಮ, ಇನ್ನೊಂದು ಸಬ್ಬಸಿಗೆ ಬೀಜದ್ದು. ಪರಮಾಣುಗಳು ಅವೇ, ಜೋಡಣೆ ಮಾತ್ರ ಕನ್ನಡಿಬಿಂಬ. ಕೊತ್ತಂಬರಿ ಸೊಪ್ಪು ಸೋಪಿನಂತೆ ನಾರುತ್ತದೆ ಎನ್ನುವವರ ದೂರೂ ನೆವವಲ್ಲ. ಸೊಪ್ಪಿನ ಆಲ್ಡಿಹೈಡುಗಳನ್ನು ಗ್ರಹಿಸುವ ಒಆರ್6ಎ2 ಎಂಬ ಗ್ರಾಹಿಯ ಸಮೀಪದ ವಂಶವಾಹಿ ವ್ಯತ್ಯಾಸಕ್ಕೂ ಆ ಅನುಭವಕ್ಕೂ ನಂಟಿರುವುದನ್ನು 2012ರ ಅಧ್ಯಯನ ತೋರಿಸಿದೆ.

ಈ ವಿಜ್ಞಾನದಲ್ಲಿ ಭಾರತದ ಪಾಲು ಚಿಕ್ಕದಲ್ಲ, ಅದನ್ನು ಇನ್ನಷ್ಟು ನೆನೆಯಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗಸ್ 1978ರಲ್ಲೇ ಹಣ್ಣುನೊಣಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಕೆಲವು ಬಗೆಯ ವಾಸನೆಯನ್ನಷ್ಟೇ ಗ್ರಹಿಸಲಾರದ, ಉಳಿದವನ್ನು ಸರಿಯಾಗಿ ಗ್ರಹಿಸುವ ನೊಣಗಳನ್ನು ಅವರು ಬೇರ್ಪಡಿಸಿದ್ದರು. ಒಂದು ವಂಶವಾಹಿ ಕೆಟ್ಟರೆ ಒಂದು ಬಗೆ ವಾಸನೆ ಮಾತ್ರ ಹೋಗುತ್ತದೆ ಎಂದಾದರೆ ವಾಸನೆಗಳ ದಾರಿಗಳೂ ಬೇರೆ ಬೇರೆ ಇರಲೇಬೇಕು. ಗ್ರಾಹಿಗಳು ಪತ್ತೆಯಾಗುವುದಕ್ಕೆ ಹದಿಮೂರು ವರ್ಷ ಮೊದಲಿನ ಮಾತಿದು. ಮುಂದೆ ಸಿದ್ದಿಕಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು, ಘ್ರಾಣದ ಸಂಶೋಧನೆ ಅಲ್ಲಿ ಮುಂದುವರಿಯಿತು.

ಅಣು ಕುಳಿಯಲ್ಲಿ ಕೂತ ಚಿತ್ರ ಸಿಕ್ಕಿದ್ದು ಮಾತ್ರ ತೀರ ಈಚೆಗೆ. 2021ರಲ್ಲಿ ಒಂದು ಕೀಟದ ಗ್ರಾಹಿಯೊಳಗೆ ಲವಂಗದ ಯೂಜಿನಾಲ್ ಇರುವ ಬಗೆ ಕಂಡಿತು. ಸೊಳ್ಳೆ ಓಡಿಸುವ ಡೀಟ್ ಕೂಡ ಅದೇ ಕುಳಿಯಲ್ಲಿ ಕೂರುತ್ತದೆ. ಕೀಟಗಳಲ್ಲಿ ಗ್ರಾಹಿಯೇ ಅಯಾನು ಕಾಲುವೆ, ನಡುವೆ ದೂತರ ಸಾಲು ಬೇಕಿಲ್ಲ. ಮನುಷ್ಯನ ಗ್ರಾಹಿಯೊಂದರ ಚಿತ್ರ 2023ರಲ್ಲಿ ದೊರೆಯಿತು.

ಮೂಗಿನ ಮಿತಿ ಏನೆಂಬುದಕ್ಕೆ ಉದಾಹರಣೆ ಬೇಕಾದರೆ ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋದರೆ ಸಾಕು. ಅಲ್ಲಿನ ಸೈನೈಡ್ ದಿಬ್ಬಗಳು, ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ ದಿಬ್ಬಗಳು ಹಾಗೇ ಇವೆ. ಸೈನೈಡ್ ದ್ರಾವಣಕ್ಕೆ ಸುಣ್ಣ ಸೇರಿಸಿ ಕ್ಷಾರದಲ್ಲಿ ಇಡಬೇಕು, ಹುಳಿ ತಗುಲಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಅದಕ್ಕೆ ಕಹಿ ಬಾದಾಮಿಯ ವಾಸನೆ, ಆದರೆ ಸಾಕಷ್ಟು ಮಂದಿಗೆ ಹುಟ್ಟಿನಿಂದಲೇ ಅದು ತಿಳಿಯುವುದಿಲ್ಲ. ಗಣಿಯ ಇನ್ನೊಂದು ಶತ್ರು ಕಾರ್ಬನ್ ಮಾನಾಕ್ಸೈಡ್ ಯಾರ ಮೂಗಿಗೂ ಸಿಗದು. ಕಪ್ಪು ಉಪ್ಪಿಗೆ ಅದರ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಚಿಟಿಕೆಯಲ್ಲಿ ಹಿತ, ಗಾಳಿಯಲ್ಲಿ ಹೆಚ್ಚಾದರೆ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಅಪಾಯ ತಪ್ಪಿತೆಂದುಕೊಳ್ಳುವಂತಿಲ್ಲ.

ಗಂಧಕದ ಕೆಲವು ಅಣುಗಳ ಮಟ್ಟಿಗೆ ಮಾತ್ರ ಮೂಗು ಬಲು ಚುರುಕು. ಅಡುಗೆ ಅನಿಲಕ್ಕೆ ಸೇರಿಸುವ ಈಥೈಲ್ ಮರ್ಕಾಪ್ಟಾನ್ ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದೆರಡು ಭಾಗವಿದ್ದರೂ ಗೊತ್ತಾಗುತ್ತದೆ. ಇಂಥ ಅಣುಗಳನ್ನು ಹಿಡಿಯುವ ಒಆರ್2ಟಿ11 ಗ್ರಾಹಿಗೆ ತಾಮ್ರದ ಅಯಾನು ಜೊತೆಗೆ ಬೇಕೆಂದು 2016ರಲ್ಲಿ ಕಂಡುಬಂತು. ತಾಮ್ರ ಗ್ರಾಹಿಗೂ ಗಂಧಕಕ್ಕೂ ನಡುವೆ ನಿಂತು ಎರಡನ್ನೂ ಬೆಸೆಯುತ್ತದೆ.