ಭಯದ ನಂಬಿಕೆಯಿಂದ ವರ್ಷಚಕ್ರದ ಆರಾಧನೆಗೆ

ನರಕದ ಭಯ, ಹುಟ್ಟಿನಿಂದಲೇ ಪಾಪಿಯೆಂಬ ಬೋಧನೆ ಮತ್ತು ಬಹಿಷ್ಕಾರದ ಬೆದರಿಕೆಗಳ ನಡುವೆ ಬೆಳೆದವರಲ್ಲಿ, ಆ ಸಮುದಾಯವನ್ನು ತೊರೆದ ಮೇಲೂ ಉಳಿಯುವ ಆತಂಕ ಮತ್ತು ಅಪರಾಧಿಭಾವವನ್ನು ಧಾರ್ಮಿಕ ಆಘಾತ ಎನ್ನಲಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಲೀನ್ ವಿನೆಲ್ 2011ರಲ್ಲಿ ಇದನ್ನು ‘ರಿಲಿಜಿಯಸ್ ಟ್ರಾಮಾ ಸಿಂಡ್ರೋಮ್’ ಎಂದು ಕರೆದರು. ಆದರೆ ಮನೋವೈದ್ಯಶಾಸ್ತ್ರದ ಅಧಿಕೃತ ರೋಗಪಟ್ಟಿಗೆ ಇದು ಸೇರಿಲ್ಲ.

ಇಂತಹ ನೋವುಂಡ ಕೆಲವರು ಪೇಗನಿಸಂ, ಅಂದರೆ ಕ್ರೈಸ್ತಪೂರ್ವ ಯುರೋಪಿನ ದೇವತಾರಾಧನೆಯಿಂದ ಸ್ಫೂರ್ತಿ ಪಡೆದ ಆಧುನಿಕ ಪಂಥಗಳತ್ತ ಹೊರಳುತ್ತಾರೆ. ಅವುಗಳಲ್ಲಿ ಪ್ರಸಿದ್ಧವಾದ ವಿಕ್ಕಾ, ಇಂಗ್ಲೆಂಡಿನಲ್ಲಿ ಮಾಟಮಂತ್ರ ವಿರೋಧಿ ಕಾಯ್ದೆ 1951ರಲ್ಲಿ ರದ್ದಾದ ಬಳಿಕ, ಜೆರಾಲ್ಡ್ ಗಾರ್ಡ್ನರ್ ಅವರ 1954ರ ಕೃತಿಯಿಂದ ಬೆಳಕಿಗೆ ಬಂದಿತು.

ವಿಕ್ಕಾದಲ್ಲಿ ಆದಿಪಾಪದ ಕಲ್ಪನೆಯಾಗಲಿ ಶಾಶ್ವತ ನರಕವಾಗಲಿ ಇಲ್ಲ. ದೇವಿಯ ಆರಾಧನೆಯು ದೇಹವನ್ನು, ಅದರಲ್ಲೂ ನಾಚಿಕೆಯ ವಸ್ತುವೆಂದು ಬೋಧಿಸಲ್ಪಟ್ಟ ಹೆಣ್ಣಿನ ದೇಹವನ್ನು, ಪವಿತ್ರವೆಂದು ಕಾಣುತ್ತದೆ. ಅಯನ, ವಿಷುವ ಮತ್ತು ಅವುಗಳ ನಡುವಿನ ದಿನಗಳನ್ನು ಸೇರಿಸಿ 8 ಹಬ್ಬಗಳಿರುವ ವರ್ಷಚಕ್ರವನ್ನು ಒಬ್ಬರೇ ಆಚರಿಸಲೂ ಅವಕಾಶವಿರುವುದರಿಂದ, ಕಸಿದುಕೊಳ್ಳಲ್ಪಟ್ಟಿದ್ದ ಆಯ್ಕೆಯ ಹಕ್ಕು ವ್ಯಕ್ತಿಗೆ ಮರಳಿ ದೊರೆಯುತ್ತದೆ.

ಆದರೆ ಯಾವ ಪಂಥದಲ್ಲಾದರೂ ಅಧಿಕಾರದ ದುರುಪಯೋಗ ಸಾಧ್ಯ; ಆಚರಣೆಯು ಮನೋಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ. ಪ್ರಶ್ನಿಸುವ ಮತ್ತು ಹೊರಹೋಗುವ ಸ್ವಾತಂತ್ರ್ಯವಿರುವ ಕಡೆ ಮಾತ್ರ ಗಾಯಗೊಂಡ ಶ್ರದ್ಧೆ ಚೇತರಿಸಿಕೊಳ್ಳಬಲ್ಲದು.